ಕಲಬುರಗಿಯಿಂದ ಕುದುರೆಮುಖದ ಶೋಲಾ ಕಾಡಿಗೆ: ಹೋಗುವವರಿಗೆ ಒಂದಿಷ್ಟು ಮಾತು

ಬಿಸಿಲಲ್ಲಿ ನಡೆಯೋದು ನಮ್ಮ ಕಡೆ ಮಂದಿಗೆ ಹೊಸದಲ್ಲ. ಆದರೆ ಇಡೀ ದಿನ ಮೋಡದೊಳಗೆ ನಡೆಯೋದು ಬೇರೆಯೇ ಕೆಲಸ. ಕಲಬುರಗಿ, ಬೀದರ್, ಯಾದಗಿರಿಯಿಂದ ಕುದುರೆಮುಖ ಚಾರಣಕ್ಕೆ ಹೊರಡುವವರು ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ತಯಾರಿ ಆದಂತೆ.

ಮೊದಲು ಚಾರಣದ ಬುಕಿಂಗ್, ಆಮೇಲೆ ರೈಲು ಟಿಕೆಟ್. ಅರಣ್ಯ ಇಲಾಖೆ ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇಟ್ಟಿದೆ, ಶನಿವಾರ ಭಾನುವಾರ ಬೇಗ ತುಂಬಿಹೋಗುತ್ತದೆ. ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಬುಕ್ ಮಾಡಬೇಕು, ಗುರುತಿನ ಚೀಟಿ ಜೊತೆಗಿರಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಹಾಗಾಗಿ ನಮ್ಮ ಊರಿನ ಬಿಸಿಲು ತಪ್ಪಿಸಿಕೊಳ್ಳೋಕೆ ಏಪ್ರಿಲ್‌ನಲ್ಲಿ ಹೋಗೋಣ ಅನ್ನೋ ಲೆಕ್ಕ ನಡೆಯೋದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಳೆ ಬಹಳ ಜೋರು. ಮೊದಲ ಸಲ ಹೋಗುವವರಿಗೆ ಅಕ್ಟೋಬರ್ ಒಳ್ಳೆಯದು, ನಾವು ಗೆಳೆಯರು ಹೋದದ್ದೂ ಆಗಲೇ.

ಕಲಬುರಗಿಯಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸಿಗೆ ಕಳಸ. ಎರಡು ರಾತ್ರಿ ಕೂತಲ್ಲೇ ತೂಕಡಿಸಿ ಮೂರನೇ ಬೆಳಿಗ್ಗೆ ನೇರ ಬೆಟ್ಟ ಹತ್ತೋಕೆ ಹೋಗಬೇಡಿ. ಕಳಸದ ಹತ್ತಿರ ಸಂಸೆ, ಬಲಿಗೆ, ಮುಳ್ಳೋಡಿ ಕಡೆ ಹೋಮ್‌ಸ್ಟೇಗಳಿವೆ, ಒಂದು ರಾತ್ರಿ ಸರಿಯಾಗಿ ನಿದ್ದೆ ಮಾಡಿ. ಮುಳ್ಳೋಡಿವರೆಗಿನ ದಾರಿ ಕೆಟ್ಟದು, ಜೀಪೇ ಗತಿ.

ನಡಿಗೆ ಶುರುವಾಗೋದು ಮುಳ್ಳೋಡಿಯಿಂದ. ಹೋಗಿ ಬರೋಕೆ ಸುಮಾರು 20 ಕಿ.ಮೀ., ಗೈಡ್ ಕಡ್ಡಾಯ. ತುದಿಯ ಎತ್ತರ 1,894 ಮೀಟರ್. ಕಾಡಿನಲ್ಲಿ ರಾತ್ರಿ ಉಳಿಯೋಕೆ ಬಿಡೋದಿಲ್ಲ, ಸಂಜೆಯೊಳಗೆ ಕೆಳಗೆ ಬರಬೇಕು. ಬೆಳಿಗ್ಗೆ ಬೇಗ ಹೊರಟರೆ ನಿಧಾನವಾಗಿ ನಡೆಯೋಕೆ ಸಮಯ ಸಿಗುತ್ತದೆ.

ಆ ನಿಧಾನವೇ ಮುಖ್ಯ ಅಂತ ನನಗೆ ಅನ್ನಿಸಿತು. ಬಹಳ ಜನ ತುದಿ ಮುಟ್ಟೋ ಆತುರದಲ್ಲಿ ಶೋಲಾ ಕಾಡನ್ನು ಸುಮ್ನೆ ದಾಟಿಬಿಡುತ್ತಾರೆ. ಬೆಟ್ಟದ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು, ಅದೇ ಶೋಲಾ. ಹುಲ್ಲಿನಿಂದ ಒಳಗೆ ಕಾಲಿಟ್ಟರೆ ಗಾಳಿ ನಿಂತುಬಿಡುತ್ತದೆ, ಬೆಳಕು ಇಳಿಯುತ್ತದೆ. ಮರಗಳು ಗಿಡ್ಡ, ಕೊಂಬೆಗಳು ಸೊಟ್ಟ, ಕಾಂಡದ ತುಂಬ ಪಾಚಿ, ಅದರ ಮೇಲೆ ಜರಿಗಿಡ, ಸೀತಾಳೆ. ಮಳೆ ಇಲ್ಲದಿದ್ದರೂ ತಲೆ ಮೇಲೆ ಹನಿ ಬೀಳುತ್ತಿತ್ತು. ಮೋಡ ಎಲೆಗಳಿಗೆ ತಾಗಿ, ಹನಿಗಟ್ಟಿ, ತೊಟ್ಟಿಕ್ಕುತ್ತದೆ ಅಂತ ಗೈಡ್ ತೋರಿಸಿದ. ಕೆಳಗಿನ ಮಣ್ಣು ಆ ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತದೆ, ಅದಕ್ಕೇ ಮಳೆ ನಿಂತು ತಿಂಗಳುಗಳಾದರೂ ಇಲ್ಲಿನ ಹಳ್ಳಗಳು ಹರಿಯುತ್ತಲೇ ಇರುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ನಮ್ಮ ಭೀಮೆಯೂ ಪಶ್ಚಿಮ ಘಟ್ಟದವಳೇ ಅಲ್ವಾ, ಮಹಾರಾಷ್ಟ್ರದ ಭೀಮಾಶಂಕರದಿಂದ ಬರುವವಳು. ಬೇಸಿಗೆಯಲ್ಲಿ ಅವಳ ಮರಳು ನೋಡಿ ಬೆಳೆದವರು ಇಲ್ಲಿ ಒಂದು ಹಳ್ಳದ ಪಕ್ಕ ಸ್ವಲ್ಪ ಹೊತ್ತು ಕೂರಲೇಬೇಕು. ಇದೇ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ಇತ್ತು, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ನಿಂತದ್ದು ಎಷ್ಟು ಒಳ್ಳೆಯದಾಯಿತು ಅಂತ ಆ ನೀರು ನೋಡಿದ ಮೇಲೆ ಚೆನ್ನಾಗಿ ತಿಳಿಯುತ್ತದೆ.

ಇನ್ನು ಇಂಬಳ, ಅಂದರೆ ನೆಲದ ಜಿಗಣೆ. ನಮ್ಮವರು ಹೆದರೋದು ಇದಕ್ಕೇ. ನೋವಾಗೋದಿಲ್ಲ, ಕಚ್ಚಿದ್ದು ಗೊತ್ತೂ ಆಗೋದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಗಾಬರಿ ಬೇಡ. ಎಳೆದು ಕೀಳಬೇಡಿ, ಉಗುರಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ. ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ ಹಾಕಿ ಪ್ಯಾಂಟಿನ ತುದಿ ಅದರೊಳಗೆ ಸೇರಿಸಿ. ಕಾಡೊಳಗೆ ಫೋಟೋಕ್ಕೆ ನಿಂತಾಗಲೆಲ್ಲ ನಮ್ಮ ಗೈಡ್, "ಅಣ್ಣಾ, ನಿಂತ್ಕೋಬೇಡಿ, ಹತ್ತುತ್ತೆ" ಅನ್ನುತ್ತಿದ್ದ. ಕೂರೋದಿದ್ದರೆ ಬಂಡೆ ಮೇಲೆ, ಗಾಳಿ ಬೀಸೋ ಕಡೆ.

ಊಟದ ಮಾತು. ಖಡಕ್ ರೊಟ್ಟಿ ಒಯ್ಯುವವರು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಬಟ್ಟೆಯಲ್ಲಿ ಕಟ್ಟಿದರೆ ಮಂಜಿಗೆ ಮೆತ್ತಗಾಗಿ ಹರಿಯೋಕೂ ಬರೋದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ ಇದ್ದರೆ ಸಾಕು. ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ತೆಗೆದು ನೋಡುತ್ತಾರೆ, ಪ್ಲಾಸ್ಟಿಕ್ ಕವರ್ ಮನೆಯಲ್ಲೇ ಬಿಟ್ಟು ಬನ್ನಿ. ಜೀನ್ಸ್ ಬೇಡವೇ ಬೇಡ, ನೆಂದರೆ ಭಾರ, ಒಣಗೋದೂ ಇಲ್ಲ.

ತುದಿಯಲ್ಲಿ ಏನೂ ಕಾಣದೆ ಬರೀ ಬೆಳ್ಳಗೆ ಇರಬಹುದು. ನಮಗೆ ಒಂದೆರಡು ಸಲ ಮೋಡ ಸರಿದು ಕಣಿವೆ ಕಂಡಿತು, ಅಷ್ಟೇ. ಅದನ್ನೇ ನಂಬಿಕೊಂಡು ಹೋಗಬೇಡಿ.

ಇಳಿಯುವಾಗ ಮೊಣಕಾಲು ಜಾಸ್ತಿ ನೋಯುತ್ತದೆ, ನೆಲವೂ ಜಾರುತ್ತದೆ. ನಲವತ್ತು ದಾಟಿದವರು ಕೋಲು ಹಿಡಿದೇ ಇಳಿಯಿರಿ. ಅದೇ ರಾತ್ರಿ ವಾಪಸ್ ಬಸ್ ಇಟ್ಟುಕೊಳ್ಳದೆ ಮರುದಿನ ಹತ್ತಿರದ ಹೊರನಾಡಿಗೆ ಹೋಗಿ, ಅನ್ನಪೂರ್ಣೇಶ್ವರಿ ದರ್ಶನ, ಪ್ರಸಾದದ ಊಟ ಮುಗಿಸಿ. ಬೆಂಗಳೂರಿಗೆ ರಾತ್ರಿ ಬಸ್ ಅಲ್ಲಿಂದಲೇ ಸಿಗುತ್ತದೆ.