ಕಲ್ಲಿಗೂ ಒಂದು ಊರಿರುತ್ತದೆ

ಅತಿನೇರಳೆ (ಯುವಿ) ಬೆಳಕು ಬಿದ್ದಾಗ ಕತ್ತಲಲ್ಲಿ ಹೊಳೆಯುವ ಕಲ್ಲು ಹುಡುಕೋಕೆ ಎಂಥ ಟಾರ್ಚ್ ಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದು: 395 ನ್ಯಾನೋಮೀಟರ್ ತರಂಗಾಂತರದ್ದು ಬೇಡ. ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಕಣ್ಣಿಗೆ ಕಾಣುವ ನೇರಳೆ ಬೆಳಕು ಜಾಸ್ತಿ. ಯಾವ ಕಲ್ಲಿಗೆ ಹಿಡಿದರೂ ನೇರಳೆಯೇ. 365 ನ್ಯಾನೋಮೀಟರ್‌ನ ಎಲ್‌ಇಡಿ, ಅದರ ಮುಂದೊಂದು ಕಪ್ಪು ಫಿಲ್ಟರ್ ಗಾಜು ಇದ್ದರೆ ಕಲ್ಲಿನ ಸ್ವಂತ ಬಣ್ಣ ಎದ್ದು ಬರುತ್ತದೆ.

ನಾನು ಹುಡುಕುವ ಜಾಗಗಳು ತುಂಬಾ ಸಾಧಾರಣ. ಬನಶಂಕರಿಯ ಕಡೆ ಮನೆ ಕಟ್ಟುವ ಸೈಟುಗಳ ಮುಂದೆ ಬಿದ್ದ ಚೂರುಗಳು, ಜಿಗಣಿಯ ಗ್ರಾನೈಟ್ ಯಾರ್ಡುಗಳ ಹಿಂದಿನ ರಾಶಿಗಳು. "ಅಣ್ಣಾ, ಈ ಬಿಳಿ ಚೂರು ತಗೊಳ್ಲಾ?" ಅಂತ ಕೇಳಿದರೆ "ತಗೊಂಡೋಗಿ ಮೇಡಂ, ಹೆಂಗಿದ್ರೂ ಎಸೆಯೋದೇ" ಅನ್ನುತ್ತಾರೆ. ಆಮೇಲೆ ನನ್ನ ಎರಡನೇ ಪ್ರಶ್ನೆ: "ಇದು ಯಾವ ಕಡೆ ಕಲ್ಲು?" ಮಾರ್ಬಲ್ ಕತ್ತರಿಸುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಆ ಉತ್ತರ ನನಗೆ ಕಲ್ಲಿನಷ್ಟೇ ಮುಖ್ಯ.

ಯಾಕೆ ಅಂದರೆ, ಬಹಳಷ್ಟು ಖನಿಜಗಳು ಶುದ್ಧವಾಗಿದ್ದರೆ ಹೊಳೆಯುವುದೇ ಇಲ್ಲ. ಹುಟ್ಟುವಾಗ ಒಳಗೆ ಸೇರಿಕೊಂಡ ಚೂರುಪಾರು ಬೇರೆ ಧಾತುಗಳು ಹೊಳೆಯುತ್ತವೆ. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಅವು ಹೀರಿಕೊಳ್ಳುತ್ತವೆ. ಅದರಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಕಳೆಯುತ್ತದೆ, ಉಳಿದದ್ದು ಕಾಣುವ ಬೆಳಕಾಗಿ ಹೊರಬರುತ್ತದೆ. 1852ರಲ್ಲಿ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿದರು. ಮಾರ್ಬಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟನ್ನೇ ನೋಡಿ. ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್‌ನಲ್ಲಿ ಸಿಗುವ ಕ್ಯಾಲ್ಸೈಟ್ ಮ್ಯಾಂಗನೀಸ್‌ನಿಂದಾಗಿ ಕೆಂಡದಂತೆ ಕೆಂಪಾಗಿ ಉರಿಯುತ್ತದೆ. ಪಕ್ಕದಲ್ಲೇ ವಿಲ್ಲೆಮೈಟ್ ಅನ್ನುವ ಸತುವಿನ ಖನಿಜ ಹಸಿರು. ಇನ್ನೊಂದು ಊರಿನ ಕ್ಯಾಲ್ಸೈಟ್ ಬರೀ ಮಂಕು ಬಿಳಿ. ಕಬ್ಬಿಣ ಸೇರಿದ್ದರಂತೂ ಎಷ್ಟೋ ಸಲ ಪೂರ್ತಿ ಕತ್ತಲು. ಮಾಣಿಕ್ಯವೂ ಹಾಗೇ. ನಮ್ಮ ಮೈಸೂರು ಭಾಗದಲ್ಲಿ ಸಿಗುವ, ಬೆಳಕು ಹಾಯದ ಮಾಣಿಕ್ಯಕ್ಕೂ ಕೆಂಪು ಕೊಡುವುದು ಕ್ರೋಮಿಯಂ. ಎಷ್ಟು ಹೊಳೆಯುತ್ತದೆ ಅನ್ನೋದನ್ನು ಅದರ ಜೊತೆಗಿರುವ ಕಬ್ಬಿಣ ತೀರ್ಮಾನಿಸುತ್ತದೆ.

ಹಾಗಾಗಿ ಊರಿನ ಹೆಸರಿಲ್ಲದ ಕಲ್ಲು ನನ್ನ ಪಾಲಿಗೆ ಅರ್ಧ ಕಲ್ಲು. ಪ್ರತಿಯೊಂದಕ್ಕೂ ಚೀಟಿ ಬರೆದಿಡುತ್ತೇನೆ: ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ಬೆಳಕಿಗೆ ಯಾವ ಬಣ್ಣ. ಏನೂ ಹೊಳೆಯದಿದ್ದರೆ ಅದನ್ನೂ ಬರೆಯುತ್ತೇನೆ.

ಬೆಂಗಳೂರಿನದೇ ಬಂಡೆ? ಲಾಲ್‌ಬಾಗಿನ ಗುಡ್ಡ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ (ಪಟ್ಟೆಪಟ್ಟೆಯ ರೂಪಾಂತರ ಶಿಲೆ), ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಒಂದು ಚೂರನ್ನೂ ಎತ್ತಬಾರದು. ಈ ಜಾತಿಯ ಬಂಡೆಯಲ್ಲಿ ಹೆಚ್ಚಿರುವುದು ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್. 365ಕ್ಕೆ ಅವು ಸಾಮಾನ್ಯವಾಗಿ ಸುಮ್ನೆ ಇರುತ್ತವೆ. ಹೊರವಲಯದ ಬಂಡೆಗಳ ಮೇಲೆ ಕಿತ್ತಳೆ ಬಣ್ಣ ಕಂಡರೆ ಅದು ಕಲ್ಲುಹೂವು ಇರಬಹುದು. ನೀಲಿ ಹೊಳಪು ಎದ್ದು ಕಂಡರೆ ಅದು ಸೋಪಿನ ಪುಡಿಯೋ, ಕಾಗದವೋ, ಬಟ್ಟೆಯ ನೂಲೋ ಇರಬಹುದು. ಹಸಿರು-ನೀಲಿ ಕಂಡು ಅದು ಓಡಿದರೆ ಚೇಳು! ಟಾರ್ಚ್ ಆಡಿಸಿ ನೋಡದೆ ರಾಶಿಗೆ ಕೈ ಹಾಕಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಖನಿಜ ಶೀಲೈಟ್, ಅಂದರೆ ಟಂಗ್‌ಸ್ಟನ್ ಅದಿರು. ಹಗಲಲ್ಲಿ ಸಾದಾ ಮಾಸಲು ಕಲ್ಲು. ಇನ್ನೂ ಕಿರಿದಾದ ತರಂಗಾಂತರದ, 254 ನ್ಯಾನೋಮೀಟರ್ ದೀಪ ಹಿಡಿದರೆ ತಿಳಿನೀಲಿಯಾಗಿ ಜಗ್ಗನೆ ಹೊತ್ತಿಕೊಳ್ಳುತ್ತದೆ. ಮಾಲಿಬ್ಡಿನಂ ಬೆರೆತಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. 365ರ ಟಾರ್ಚಿಗೆ ಇದು ಹೆಚ್ಚುಕಮ್ಮಿ ಮಾತೇ ಆಡುವುದಿಲ್ಲ. ಅದಕ್ಕೆ ಸ್ವಲ್ಪ ದುಡ್ಡು ಕೂಡಿಟ್ಟು ಈ ದೀಪ ಬೇರೆಯಾಗೇ ತಗೊಂಡೆ. ಇದರ ಕಿರಣ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಪಾಲಿಕಾರ್ಬೊನೇಟ್ ಕನ್ನಡಕ ಹಾಕದೆ ಸ್ವಿಚ್ ಒತ್ತಲೇಬಾರದು, ಮಕ್ಕಳ ಕೈಗೆ ಕೊಡಲೇಬಾರದು.

ಶೀಲೈಟ್ ನಮ್ಮ ಪಕ್ಕದಲ್ಲೇ ಇತ್ತು. ಕೆಜಿಎಫ್‌ನಲ್ಲಿ, ಚಿನ್ನದ ಜೊತೆಗೇ. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಸೈನೈಡ್ ದಿಬ್ಬಗಳಿಗೆ ಕಲ್ಲು ಹುಡುಕಿಕೊಂಡು ಹೋಗುವುದು ಅಪಾಯ, ನಾನಂತೂ ಹೋಗುವುದಿಲ್ಲ. ಆದರೆ ಗಣಿಯಲ್ಲಿ ದುಡಿದವರ ಎಷ್ಟೋ ಮನೆಗಳು ಈಗ ಬೆಂಗಳೂರಿನಲ್ಲಿವೆ. ಅಪ್ಪನೋ ತಾತನೋ ತಂದಿಟ್ಟ ಒಂದು ಬಿಳಿ ಕಲ್ಲು ನಿಮ್ಮ ಷೋಕೇಸಿನಲ್ಲಿ ಇದ್ದರೂ ಇರಬಹುದು, ಅಲ್ವಾ? ಅದನ್ನು ತೊಳೆದು ಉಜ್ಜಬೇಡಿ, ಯಾರಿಗೂ ಕೊಟ್ಟುಬಿಡಬೇಡಿ. ಯಾವ ಶಾಫ್ಟಿನದು ಅಂತ ಮನೆಯ ಹಿರಿಯರನ್ನು ಕೇಳಿ ಈಗಲೇ ಒಂದು ಚೀಟಿಯಲ್ಲಿ ಬರೆದಿಡಿ. ದೀಪ ನನ್ನ ಹತ್ತಿರ ಇದೆ. ಬನ್ನಿ, ಕೂತು ನೋಡೋಣ.