ಮದುವೆ ಮನೆಗೆ ಹೊರಟ ಕ್ಯಾಮೆರಾ ಚೀಲ

16 ಮೇ 2025, ಶುಕ್ರವಾರ
ಶಿವಮೊಗ್ಗ

ನಾಡಿದ್ದು ಭಾನುವಾರ ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ, ಫೋಟೊ ತೆಗೆಯೋದು ನಾನು. ಕಲ್ಯಾಣ ಮಂಟಪ ಹಿಡಿದಿಲ್ಲ. ಹುಡುಗಿಯ ಮನೆ ಅಂಗಳದಲ್ಲೇ ಚಪ್ಪರ. ನಾಳೆ ನಾಂದಿ, ದೇವರ ಕಾರ್ಯ. ಭಾನುವಾರ 12.10ಕ್ಕೆ ಅಭಿಜಿನ್ ಮುಹೂರ್ತ. ಮನೆಯಂಗಳದ ಮದುವೆ ಅಂದ್ರೆ ನನಗೆ ಬಲು ಇಷ್ಟ. ಆದರೆ ಅದಕ್ಕೆ ಚೀಲ ಕಟ್ಟೋದು ಮಂಟಪದ ಮದುವೆಗೆ ಕಟ್ಟಿದ ಹಾಗಲ್ಲ. ಇವತ್ತಿನ ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಕಪಾಟು ತೆಗೆಯುವ ಮೊದಲು ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ. ನಿವೃತ್ತ ಮೇಷ್ಟ್ರು. ಮನೆ ತುಂಬ ನೆಂಟರ ಗಲಾಟೆ, ಹಿಂದೆ ಯಾರೋ ಪಾತ್ರೆ ಎಳೆಯುವ ಸದ್ದು.

“ಮೇಷ್ಟ್ರೇ, ಚಪ್ಪರದ ಮೇಲೆ ಏನು ಹಾಕಿಸಿದ್ದೀರಿ?”

“ಅಡಿಕೆ ಸೋಗೆನೇ ಹಾಕಿಸೋಣ ಅಂತಿದ್ದೆ ಮಾರಾಯ್ತಿ. ಸಂಜೆ ಆದ್ರೆ ಮಳೆ. ಕೊನೆಗೆ ಟಾರ್ಪಾಲ್ ಎಳೆಸಿಬಿಟ್ಟೆ.”

“ಯಾವ ಬಣ್ಣದ್ದು?”

“ನೀಲಿ. ಯಾಕೆ?”

ಯಾಕೆ ಅಂತ ವಿವರವಾಗಿ ಹೇಳಿದೆ. ಮಧ್ಯಾಹ್ನ ಹನ್ನೆರಡರ ಬಿಸಿಲು ನೀಲಿ ಟಾರ್ಪಾಲ್ ಮೂಲಕ ಇಳಿದರೆ ಮದುಮಗಳ ಮುಖ, ಭಟ್ಟರ ಶಲ್ಯ, ಅರಿಶಿನದ ಕೊಂಬು ಎಲ್ಲವೂ ನೀಲಿ. ಆ ಬೆಳಕಿನಲ್ಲಿ ಕೆಂಪು ಅನ್ನೋದೇ ಕಮ್ಮಿ ಇರುತ್ತೆ. ಇಲ್ಲದ ಕೆಂಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಎಳೆದರೂ ಚರ್ಮಕ್ಕೆ ಜೀವ ಬರಲ್ಲ, ಬೂದಿ ಬಳಿದಂತೆ ಆಗುತ್ತೆ. ಶಾಮಿಯಾನದವರ ಹತ್ತಿರ ಒಳಗಿಂದ ಕಟ್ಟುವ ಬಿಳಿ ಬಟ್ಟೆ ಇರುತ್ತೆ, ಅದೊಂದು ಕಟ್ಟಿಸಿಬಿಡಿ ಅಂದೆ. “ಅಷ್ಟೇ ತಾನೆ? ನಾಳೆ ಬೆಳಿಗ್ಗೆ ಕಟ್ಟಿಸ್ತೇನೆ” ಅಂದರು.

ಈ ಒಂದು ಮಾತಿಗೆ ಚೀಲದಲ್ಲಿ ಅರ್ಧ ಬದಲಾವಣೆ ಆಯಿತು. ತಲೆಯ ಮೇಲೆ ಬಿಳಿ ಬಟ್ಟೆ ಇದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೆಳಕು ಚಿಮ್ಮಿಸಬಹುದು. ಅದು ಇಡೀ ಚಪ್ಪರಕ್ಕೆ ಮೆತ್ತಗೆ ಇಳಿಯುತ್ತೆ. ಕೆಂಪು-ಹಳದಿ ಪಟ್ಟೆಯ ಶಾಮಿಯಾನ ಬಟ್ಟೆಗೆ ಹೀಗೆ ಹೊಡೆದರೆ ಮುಖವೂ ಕೆಂಪು-ಹಳದಿ. ಹಾಗಾಗಿ ಫ್ಲ್ಯಾಶ್ ಬೆಳಕನ್ನು ಮೆತ್ತಗೆ ಮಾಡುವ ದೊಡ್ಡ ಛತ್ರಿ, ದೊಡ್ಡ ಸ್ಟ್ಯಾಂಡ್ ಎರಡನ್ನೂ ವಾಪಸ್ ಕಪಾಟಿಗಿಟ್ಟೆ. ಅಂಗಳದಲ್ಲಿ ಸ್ಟ್ಯಾಂಡ್ ನಿಲ್ಲಿಸಿದರೆ ಮಕ್ಕಳು ಓಡಿಬಂದು ಬೀಳಿಸೋದು ಖಂಡಿತ. ಬದಲಿಗೆ ಎರಡು ಗಟ್ಟಿ ಕ್ಲಾಂಪ್ ತೆಗೆದುಕೊಂಡೆ. ಚಪ್ಪರದ ಅಡಿಕೆ ಕಂಬಕ್ಕೆ ಆಳೆತ್ತರದಲ್ಲಿ ಕ್ಲಾಂಪ್ ಹಾಕಿ, ಮೇಲಿಂದ ಹಗ್ಗ ಬಿಗಿದು ಫ್ಲ್ಯಾಶ್ ಕೂರಿಸಿದರೆ ಯಾರ ಕಾಲಿಗೂ ಅಡ್ಡ ಬರಲ್ಲ. ಟಾರ್ಪಾಲ್ ಮೇಲೆ ಇದ್ದೇ ಇದೆಯಲ್ಲ, ಬಿಳಿ ಬಟ್ಟೆ ಕಟ್ಟಿದರೂ ಸ್ವಲ್ಪ ನೀಲಿ ಇಳಿದೇ ಇಳಿಯುತ್ತೆ. ಅದಕ್ಕೆ ಬೂದು ಬಣ್ಣದ ಕಾರ್ಡ್ ಒಂದು ಮೇಲಿನ ಖಾನೆಗೆ ಸೇರಿತು. ಮುಹೂರ್ತಕ್ಕೆ ಹತ್ತು ನಿಮಿಷ ಮುಂಚೆ ಮದುಮಗನ ಕೈಗೆ ಕೊಟ್ಟು ಒಂದು ಫೋಟೊ ತೆಗೆದರೆ ಸಾಕು, ಆಮೇಲೆ ಬಣ್ಣ ಸರಿಮಾಡೋಕೆ ಅದೇ ದಾರಿ.

ಕ್ಯಾಮೆರಾ ಎರಡು. ಎರಡೂ ಸೋನಿ ಎ7 ಮಾರ್ಕ್ 3. 2018ರಲ್ಲಿ ಬಂದ ಮಾಡೆಲ್, ಇವತ್ತಿಗೆ ಹಳತು. ಹೊಸದು ತಗೋ ಅಂತ ತುಂಬ ಜನ ಹೇಳ್ತಾರೆ. 24 ಮೆಗಾಪಿಕ್ಸೆಲ್ ಇದೆ, ಎರಡು ಕಾರ್ಡ್ ಹಾಕುವ ಜಾಗ ಇದೆ, ಕತ್ತಲಲ್ಲಿ ಬೆಳಕಿನ ಸಂವೇದನೆ, ಅಂದ್ರೆ ಐಎಸ್‌ಒ, 3200ಕ್ಕೆ ಏರಿಸಿದರೂ ಮುಖ ಚೊಕ್ಕಟವಾಗಿ ಬರುತ್ತೆ. ಮದುವೆ ಆಲ್ಬಮ್ಮಿಗೆ ಇದಕ್ಕಿಂತ ಜಾಸ್ತಿ ಏನು ಬೇಕು? ಎರಡೂ ಒಂದೇ ಮಾಡೆಲ್ ಇಟ್ಟುಕೊಂಡಿರೋದು ಬೇಕಂತಲೇ. ಬ್ಯಾಟರಿ ಒಂದೇ, ಬಣ್ಣ ಒಂದೇ, ಗುಂಡಿಗಳೂ ಒಂದೇ ಕಡೆ. ಅಂತರಪಟ ಸರಿಯುವ ಹೊತ್ತಿಗೆ ಬೆರಳು ಗುಂಡಿ ಹುಡುಕುತ್ತಾ ಇರಬಾರದು.

ಲೆನ್ಸಿನ ವಿಷಯಕ್ಕೆ ಬರ್ತೀನಿ. ಇವತ್ತು ಜಾಸ್ತಿ ಹೊತ್ತು ತಗೊಂಡಿದ್ದು ಅದೇ. ಲೆನ್ಸ್ ಆರಿಸುವಾಗ ನಾನು ಕೇಳಿಕೊಳ್ಳೋದು ಒಂದೇ ಪ್ರಶ್ನೆ: ಇದನ್ನು ಹಾಕಿಕೊಂಡರೆ ನಾನು ಎಲ್ಲಿ ನಿಲ್ಲಬೇಕಾಗುತ್ತೆ? ನನ್ನ ಹಿಂದೆ ಯಾರು ಕೂತಿರುತ್ತಾರೆ?

ಈಗ ಎಷ್ಟೋ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಮಂಟಪದ ಮುಂದೆ ಫೋಟೊದವರು, ವಿಡಿಯೊದವರು, ಲೈಟ್ ಹಿಡಿದವರು ಸಾಲಾಗಿ ನಿಂತಿರುತ್ತಾರೆ. ಅಷ್ಟು ದೂರದಿಂದ ಬಸ್ಸು ಹಿಡಿದು ಬಂದ ಚಿಕ್ಕಮ್ಮ, ಸೋದರಮಾವ, ಅಜ್ಜ-ಅಜ್ಜಿ ಎಲ್ಲ ನಮ್ಮ ಬೆನ್ನು ನೋಡಿಕೊಂಡು ಅಕ್ಷತೆ ಹಾಕ್ತಾರೆ. ಇದನ್ನು ನೋಡಿದರೆ ನನಗೆ ಸಂಕಟ ಆಗುತ್ತೆ. ಮದುವೆ ನಡೆಯೋದು ಅವರ ಮುಂದೆ. ಅವರ ಕಣ್ಣಿಗೆ ಬೀಳಬೇಕಾದ್ದನ್ನು ಮರೆಮಾಡಿ ತೆಗೆದ ಫೋಟೊ ಎಷ್ಟು ಚೆನ್ನಾಗಿದ್ದರೂ ಅದರಲ್ಲಿ ಏನೋ ತಪ್ಪಿದೆ.

ಅದಕ್ಕೇ ಟ್ಯಾಮ್ರಾನ್ 70-180 ಎಫ್ 2.8 ಲೆನ್ಸ್ ಮೊದಲು ಚೀಲಕ್ಕೆ ಹೋಯಿತು. 70-180 ಅನ್ನೋದು ಎಂಎಂ ಲೆಕ್ಕ, ಅದು ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತೆ. ಎಫ್ ನಂಬರ್ ಕಮ್ಮಿ ಆದಷ್ಟೂ ಲೆನ್ಸ್ ಅಗಲ ತೆರೆದು ಬೆಳಕು ಜಾಸ್ತಿ ಒಳಗೆ ಬರುತ್ತೆ. ಸೋನಿಯದೇ ಹಳೆಯ 70-200 ಜಿಎಂ ಲೆನ್ಸ್ ಇದ್ದರೆ ಒಂದೂವರೆ ಕೆಜಿ ಹತ್ತಿರ. ಇದು 800 ಗ್ರಾಂ ಚಿಲ್ಲರೆ. ಜಗಲಿಯ ಅಂಚಿನಲ್ಲೋ ಜಮಖಾನದ ತುದಿಯಲ್ಲೋ ನೆಲಕ್ಕೆ ಕೂತು, ಮೊಣಕಾಲ ಮೇಲೆ ಮೊಣಕೈ ಊರಿ ತೆಗೆಯೋಕೆ ಹಗುರ ಇದ್ದಷ್ಟೂ ಒಳ್ಳೆಯದು. ಅಂತರಪಟದ ಫೋಟೊಗೆ ಅದೇ ಸರಿಯಾದ ಜಾಗ ಕೂಡ. ಹುಡುಗ-ಹುಡುಗಿ ಎದುರುಬದುರು, ನಡುವೆ ಬಟ್ಟೆ. ಮುಂದಿನ ಸಾಲಿನಲ್ಲಿ ನೆಲಕ್ಕೆ ಕೂತರೆ ಇಬ್ಬರ ಮುಖವೂ ಪಕ್ಕದಿಂದ ಸಮನಾಗಿ ಕಾಣುತ್ತೆ. ಮಂಗಳಾಷ್ಟಕ ಮುಗಿದು ಬಟ್ಟೆ ಸರಿದು ಜೀರಿಗೆ-ಬೆಲ್ಲ ತಲೆ ಮೇಲೆ ಬೀಳೋದು ನಾಲ್ಕೈದು ಸೆಕೆಂಡಿನ ಆಟ. ಹತ್ತಿರ ಹೋಗಿ ನಿಂತರೆ ಒಬ್ಬರ ಮುಖ ಸಿಗುತ್ತೆ, ಇನ್ನೊಬ್ಬರ ಬೆನ್ನು.

ಇನ್ನೊಂದು ಕ್ಯಾಮೆರಾಕ್ಕೆ ಟ್ಯಾಮ್ರಾನ್ 28-75 ಎಫ್ 2.8. ಮದುವೆಯ ಮುಕ್ಕಾಲು ಪಾಲು ಇದರಲ್ಲೇ ಆಗಿಹೋಗುತ್ತೆ. 28ರಲ್ಲಿ 19 ಸೆಂಟಿಮೀಟರ್ ಹತ್ತಿರದ ತನಕ ಫೋಕಸ್ ಆಗುತ್ತೆ. ಕಾಲುಂಗುರ, ತಾಳಿ ಬೊಟ್ಟು, ಬಾಸಿಂಗದ ಕೆಲಸ ಇವನ್ನೆಲ್ಲ ತೆಗೆಯೋಕೆ ಅಷ್ಟು ಸಾಕು. ಹಾಗಾಗಿ 90ರ ಮ್ಯಾಕ್ರೊ ಲೆನ್ಸ್ ಮನೆಯಲ್ಲೇ. 20 ಎಂಎಂ ಅಗಲದ ಲೆನ್ಸೂ ಮನೆಯಲ್ಲೇ. ಅಂಗಳ ಚಿಕ್ಕದು, ಗ್ರೂಪ್ ಫೋಟೊಗೆ ಅದು ಬೇಕಾಗಬಹುದು ಅಂತ ಆಸೆ ಆಗುತ್ತೆ ನಿಜ. ಆದರೆ ಅದರಲ್ಲಿ ತುದಿಗೆ ನಿಂತ ಅತ್ತೆಯ ಮುಖ, ತೋಳು ಎಲ್ಲ ಎಳೆದ ಹಾಗೆ ಅಗಲವಾಗುತ್ತೆ. ಯಾರಿಗೂ ಹಾಗೆ ಮಾಡಬಾರದು. ತೋಟದ ದಾರಿಯಲ್ಲಿ ಎರಡು ಹೆಜ್ಜೆ ಹಿಂದೆ ಹೋಗಿ ನಿಂತು 35ರಲ್ಲಿ ತೆಗೆದರಾಯಿತು.

35 ಎಫ್ 1.8 ಪುಟ್ಟ ಲೆನ್ಸ್, 280 ಗ್ರಾಂ. ಇದು ಒಳಮನೆಗೆ. ಮದುಮಗಳಿಗೆ ಸಿಂಗಾರ ಮಾಡುವ ಕೋಣೆಯಲ್ಲಿ ಒಂದು ಮಂಚ, ಒಂದು ಬೀರು, ಎಂಟು ಜನ ಹೆಂಗಸರು. ದೊಡ್ಡ ಲೆನ್ಸ್ ಹಿಡಿದು ಹೋದರೆ ಎಲ್ಲರೂ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ನಿಂತುಬಿಡ್ತಾರೆ. ಇದನ್ನು ಹಾಕಿಕೊಂಡು ಮೂಲೆಯಲ್ಲಿ ಕೂತು ಮಲ್ಲಿಗೆ ಮಾಲೆಗೆ ಪಿನ್ ಹಿಡಿದು ಕೊಡ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಮರೆತೇ ಹೋಗುತ್ತೆ. ಅಡುಗೆ ಮನೆಗೂ ಇದೇ. ಕೊಪ್ಪರಿಗೆಯ ಹಬೆ, ಕಿಟಕಿಯಿಂದ ಬರುವ ಒಂದೇ ಬೆಳಕು, ಎಫ್ 1.8 ಅಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತೆ.

ಚಪ್ಪರದಲ್ಲಿ ಮಾತ್ರ ನಾನು ಎಫ್ 1.8ಕ್ಕೆ ಹೋಗಲ್ಲ. ಹಿನ್ನೆಲೆ ಮಸುಕಾಗಲಿ ಅಂತ ತೆರೆದು ತೆಗೆದರೆ ತಾಳಿ ಕಟ್ಟುವ ಕೈ ಸ್ಪಷ್ಟ, ಮುಖ ಮಸುಕು. ಶಾಸ್ತ್ರದಲ್ಲಿ ಕೈಯೂ ಬೇಕು, ಮುಖವೂ ಬೇಕು, ಹಿಂದೆ ದೀಪ ಹಿಡಿದು ನಿಂತ ತಂಗಿಯೂ ಬೇಕು. ಎಫ್ 4. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸೋದು.

ಧಾರೆಗೆ ಷಟರ್ 1/100, ಅಂದ್ರೆ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿರುತ್ತೆ. ಇದಕ್ಕೆ ಎರಡು ಕಾರಣ. ತಾಯಿ ಗಿಂಡಿಯಿಂದ ನೀರು ಬಿಡ್ತಾ ಇರ್ತಾರೆ, ಕೆಳಗೆ ಅಪ್ಪನ ಕೈ, ಮಗಳ ಕೈ, ಅಳಿಯನ ಕೈ. 1/1000ರಲ್ಲಿ ತೆಗೆದರೆ ನೀರು ಬಿಡಿಬಿಡಿ ಹನಿಯಾಗಿ ಗಾಳಿಯಲ್ಲಿ ನಿಂತಂತೆ ಬರುತ್ತೆ. ಚೆನ್ನಾಗಿ ಕಾಣಬಹುದು, ಆದರೆ ಅದು ನಮ್ಮ ಕಣ್ಣಿಗೆ ಕಂಡದ್ದಲ್ಲ. 1/100ರಲ್ಲಿ ಬೆಳ್ಳಿ ಎಳೆಯ ಹಾಗೆ ಇಳಿಯುತ್ತೆ. ಧಾರೆ ಧಾರೆಯಾಗಿಯೇ ಕಾಣಬೇಕು. ಎರಡನೆಯದು ಎಲ್‌ಇಡಿ ದೀಪಗಳ ಕಾಟ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣಕ್ ಮಿಣಕ್ ಅನ್ನುತ್ತವೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಷಟರ್ ಜೋರಾದರೆ ಫೋಟೊ ಮೇಲೆ ಅಡ್ಡ ಪಟ್ಟೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಹಾಕಿದರೆ ಇನ್ನೂ ಜಾಸ್ತಿ. 1/100 ಅಥವಾ 1/50ಕ್ಕೆ ಇಳಿದರೆ ಪಟ್ಟೆ ಹೋಗುತ್ತೆ. ಮಂತ್ರ ನಡೆಯುವಾಗ ಸದ್ದು ಮಾಡಬಾರದು ಅಂತ ನನಗೂ ಇದೆ. ಆದರೆ ಅಲ್ಲಿ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು ಏನೇನು ಕಟ್ಟಿರ್ತಾರೋ ನಾಳೆ ನೋಡಿಯೇ ತೀರ್ಮಾನ.

ಹೋಮದ ಹೊತ್ತಿಗೆ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಆಫ್. ತುಪ್ಪದ ಹೊಗೆಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಿಳಿ ಪರದೆ ಬಿಟ್ಟರೆ ಬೇರೇನೂ ಉಳಿಯಲ್ಲ. ಅದೇ ಹೊಗೆಯ ಹಿಂದಿನ ಕಂಬದಿಂದ ಬೆಳಕು ಬಂದರೆ ಲಾಜಹೋಮದ ಅರಳು ಸುರಿಯುವ ಕೈಗಳು ಎದ್ದು ಬರುತ್ತವೆ. ಕಂಬದ ಫ್ಲ್ಯಾಶ್ ಆಯ್ಕೆ ಮಾಡುವಾಗ ಇದೂ ಲೆಕ್ಕದಲ್ಲಿತ್ತು. ಗೋಡಾಕ್ಸ್ ವಿ1 ಕ್ಯಾಮೆರಾ ಮೇಲೆ, ಟಿಟಿ685 ಕಂಬಕ್ಕೆ. ಎರಡನೆಯದಕ್ಕೆ ನಾಲ್ಕು ಪೆನ್‌ಸೆಲ್ ಬೇಕು. ಚಾರ್ಜ್ ಮಾಡಿದ ಸೆಲ್ಲುಗಳನ್ನು ನಾಲ್ಕು ನಾಲ್ಕಾಗಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೀನಿ, ಒಂದು ಕಟ್ಟು ಖಾಲಿ ಆದರೆ ಪೂರ್ತಿ ಕಟ್ಟೇ ಬದಲು. ಹಳೇ ಸೆಲ್ಲು ಹೊಸ ಸೆಲ್ಲು ಬೆರೆಸಬಾರದು. ಕ್ಯಾಮೆರಾ ಬ್ಯಾಟರಿ ಎಲ್ಲ ಇವತ್ತೇ ಚಾರ್ಜ್ ಆಗಬೇಕು. ಆ ಕಡೆ ಗುಡುಗಿದರೆ ಕರೆಂಟು ಹೋಯಿತು ಅಂತಲೇ. ಜನರೇಟರ್ ಇದ್ದರೂ ಅದು ದೀಪಕ್ಕೆ, ಮೈಕಿಗೆ, ರುಬ್ಬುವ ಗ್ರೈಂಡರಿಗೆ ಆಗಲಿ.

ಕಾರ್ಡುಗಳನ್ನು ಒಂದೊಂದಾಗಿ ಟೇಬಲ್ ಮೇಲೆ ಹರಡಿ ನೋಡಿದೆ. ಎಲ್ಲ 64 ಜಿಬಿ, ಬೆನ್ನಿಗೆ ಮಾರ್ಕರ್‌ನಲ್ಲಿ ಬರೆದ ನಂಬರ್. ಒಂದರಲ್ಲಿ ಸುಮಾರು ಎರಡೂವರೆ ಸಾವಿರ ರಾ, ಅಂದ್ರೆ ಇನ್ನೂ ಸಂಸ್ಕರಿಸದ ಫೋಟೊ ಹಿಡಿಯುತ್ತೆ. 256 ಜಿಬಿಯ ಒಂದೇ ಕಾರ್ಡಲ್ಲಿ ಎಲ್ಲ ತೆಗೆಯಬಹುದು. ಆದರೆ ಯಾರದೋ ಮದುವೆಯನ್ನೆಲ್ಲ ಬೆರಳುಗುರಿನಷ್ಟು ಪ್ಲಾಸ್ಟಿಕ್ಕಿಗೆ ಒಪ್ಪಿಸೋಕೆ ನನಗೆ ಮನಸ್ಸು ಬರಲ್ಲ. ಪ್ರತಿ ಫೋಟೊ ಎರಡು ಕಾರ್ಡಿಗೂ ಬೀಳುತ್ತೆ. ಖಾಲಿ ಕಾರ್ಡು ಪೌಚಿನಲ್ಲಿ ಹೆಸರು ಕಾಣುವಂತೆ, ತುಂಬಿದ್ದು ಬೆನ್ನು ಕಾಣುವಂತೆ. ವಾಪಸ್ ಬರುವಾಗ ಒಂದು ಸೆಟ್ ನನ್ನ ಕುರ್ತಾದ ಜಿಪ್ ಜೇಬಿನಲ್ಲಿ, ಇನ್ನೊಂದು ಚೀಲದಲ್ಲಿ. ಮದುವೆಗೆ ಸೀರೆ ಉಡಬೇಕು ಅಂತ ಅಮ್ಮನ ಆಸೆ. ಜೇಬಿಗೋಸ್ಕರ ಕುರ್ತಾ. ಬಣ್ಣ ಕಡು ಬೂದು, ನನ್ನ ಬಟ್ಟೆಯ ಬಣ್ಣ ಹತ್ತಿರ ಕೂತವರ ಮುಖಕ್ಕೆ ಬೀಳಬಾರದಲ್ಲ.

ಮಳೆಗೆ ಎರಡು ರೇನ್ ಕವರ್, ಎರಡು ಹಳೇ ಹತ್ತಿ ಬೈರಾಸು. ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸಿದೆ. ಹಳೆಯದರ ನೀಲಿ ಹರಳೆಲ್ಲ ಗುಲಾಬಿ ಆಗಿತ್ತು, ಅಂದ್ರೆ ನೀರು ಕುಡಿದಾಯಿತು. ಮಲೆನಾಡಿನಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯೋಕೆ ಒಂದು ಮಳೆಗಾಲ ಸಾಕು, ಬಂದ ಮೇಲೆ ಒದ್ದೆ ಚೀಲದಲ್ಲಿ ಒಂದು ರಾತ್ರಿಯೂ ಬಿಡಲ್ಲ. ತೋಟದಲ್ಲಿ ಜೋಡಿ ಫೋಟೊ ಬೇಕಂತೆ, ಉಂಬಳಕ್ಕೆ, ಅಂದ್ರೆ ಜಿಗಣೆಗೆ, ಸುಣ್ಣದ ಡಬ್ಬಿ ನನ್ನ ಸಹಾಯಕ ಹುಡುಗನ ಚೀಲದಲ್ಲಿ.

ಡ್ರೋನ್ ತನ್ನಿ ಅಂತ ಹುಡುಗಿಯ ತಮ್ಮ ಕೇಳಿದ್ದ. ಮಂಗಳಾಷ್ಟಕದ ಮೇಲೆ ಅದರ ಗುಂಯ್ ಸದ್ದು ನನಗೆ ಒಪ್ಪಲ್ಲ, ಈ ಮಳೆಯಲ್ಲಿ ಹಾರಿಸೋದೂ ಕಷ್ಟ. ಬೇಡ ಅಂತ ಹೇಳಿದೆ, ಒಪ್ಪಿಕೊಂಡ.

ಕೊನೆಗೆ ಉಳಿದಿದ್ದು 85 ಎಂಎಂ ಲೆನ್ಸ್. ಚೀಲಕ್ಕೆ ಹಾಕಿ ತೆಗೆದು, ಹಾಕಿ ತೆಗೆದು ಮಾಡ್ತಾ ಇದ್ದೆ. 70-180 ಇರುವಾಗ ಇದು ಯಾಕೆ ಅಂತ. ಆಗ ಮದುಮಗಳೇ ಫೋನ್ ಮಾಡಿದಳು.

“ಅಕ್ಕ, ಅಜ್ಜಿದು ಒಂದು ಒಳ್ಳೇ ಫೋಟೊ ತೆಗೀಬೇಕು. ನಮ್ಮನೇಲಿ ಅವಳದ್ದು ಅಂತ ಇರೋದು ಆಧಾರ್ ಕಾರ್ಡಲ್ಲಿರೋದು ಒಂದೇ.”

“ಅಜ್ಜಿ ದಿನಾ ಎಲ್ಲಿ ಕೂರ್ತಾರೆ?”

“ಜಗಲಿ ಮೂಲೆ. ಕಿಟಕಿ ಹತ್ರ.”

“ಕಿಟಕಿ ಯಾವ ಕಡೆಗಿದೆ?”

“ಮೂಡಲ ಕಡೆಗೆ.”

ಮೂಡಲ ಕಿಟಕಿ ಅಂದ್ರೆ ಬೆಳಿಗ್ಗೆಯ ಬೆಳಕು. 85 ಎಫ್ 1.8, ಬರೀ 371 ಗ್ರಾಂ, ಹೋಗಲಿ. ಅಜ್ಜಿ ಒಬ್ಬರೇ ಇರುವ ಫೋಟೊದಲ್ಲಿ ಹಿಂದಿನ ಗದ್ದಲ ಮಸುಕಾದರೆ ಚೆಂದವೇ. ನಾಳೆ ಏಳೂವರೆಗೆ ಅಲ್ಲಿರಬೇಕು, ನಾಂದಿ ಶುರುವಾಗುವ ಮುಂಚೆ, ಅಜ್ಜಿ ಕಾಫಿ ಕುಡಿದು ಕೂತಿರುವಾಗ. ಇಲ್ಲಿಂದ 70 ಕಿಲೋಮೀಟರ್ ಚಿಲ್ಲರೆ. ಐದೂವರೆಗೆ ಹೊರಡೋದು ಅಂತಿದ್ದನ್ನು ಐದಕ್ಕೆ ಮಾಡಿದ್ದೀನಿ, ಹುಡುಗನಿಗೂ ಮೆಸೇಜ್ ಹಾಕಿಯಾಯಿತು.