ಹೊಡೆಯದ ಟಿಕೆಟ್

ಸ್ಕೂಟರ್ ಡಿಕ್ಕಿ ಕ್ಲೀನ್ ಮಾಡುವಾಗ ಹಿಂದೊಮ್ಮೆ ಕಾಸರಗೋಡಲ್ಲಿ ಕೊಂಡಿದ್ದ ಲಾಟರಿ ಟಿಕೆಟ್ ಸಿಕ್ಕಿತು. ಹೊಡೆದಿಲ್ಲ ಬಿಡಿ. ಎಸೆಯಲು ಹೋದವನಿಗೆ ಹರು ಉರಾರಾ ನೆನಪಾದಳು.

ಜಪಾನಿನ ಕೋಚಿಯ ರೇಸ್ ಕುದುರೆ (ಕೇರಳದ ಕೊಚ್ಚಿ ಅಲ್ಲ). 113 ರೇಸ್ ಓಡಿ ಒಂದನ್ನೂ ಗೆಲ್ಲಲಿಲ್ಲ. 2003ರಲ್ಲಿ, ಅಲ್ಲಿ ಕೆಲಸವಿಲ್ಲದೆ ಜನ ಕಂಗೆಟ್ಟಿದ್ದ ಕಾಲದಲ್ಲಿ, ಸೋತರೂ ಮತ್ತೆ ಓಡುವ ಇವಳನ್ನೇ ನೋಡಲು ಮುಗಿಬಿದ್ದರು, ಮುಚ್ಚುವ ಹಂತಕ್ಕೆ ಬಂದಿದ್ದ ರೇಸ್ ಕೋರ್ಸೂ ಉಳಿಯಿತು.

ಅವಳ ಮೇಲೆ ಬಾಜಿ ಕಟ್ಟಿದ ಟಿಕೆಟನ್ನು ಕಾರಿನಲ್ಲಿ ತಾಯತದ ಹಾಗೆ ಇಟ್ಟುಕೊಳ್ಳುತ್ತಿದ್ದರಂತೆ. ಯಾಕೆ ಗೊತ್ತಾ? ನಮ್ಮ ಹಾಗೇ ಅವರಲ್ಲೂ ಟಿಕೆಟ್ ಹೊಡೆಯೋದಕ್ಕೂ ಗಾಡಿ ಬಂದು ಹೊಡೆಯೋದಕ್ಕೂ ಒಂದೇ ಪದ. ಇವಳ ಟಿಕೆಟ್ ಯಾವತ್ತೂ ಹೊಡೆಯಲ್ಲ, ಹಾಗಾಗಿ ಗಾಡಿಗೂ ಏನೂ ಹೊಡೆಯಲ್ಲ!

2004ರ ಮಾರ್ಚ್‌ನಲ್ಲಿ ಸ್ಟಾರ್ ಜಾಕಿ ಯುಟಾಕಾ ಟಾಕೆಯೇ ಹತ್ತಿದರೂ 11ರಲ್ಲಿ 10ನೇ ಸ್ಥಾನ. ಪಾಪ ಅಲ್ವಾ.

ಟಿಕೆಟ್ ವಾಪಸ್ ಡಿಕ್ಕಿಗೇ ಹಾಕಿದೆ.